ಸಾಲದ ಬಾಕಿಗೆಂದು ಬ್ಯಾಂಕ್ ಖಾತೆಯ ದುಡ್ಡು ಮುರಿದುಕೊಂಡಾಗ: ಯಾವುದರ ನಂತರ ಯಾವುದು ಮಾಡಬೇಕು

ಉಡುಪಿಯ ಸರ್ವಿಸ್ ಬಸ್ ನಿಲ್ದಾಣದ ಹತ್ತಿರದ ಹೋಟೆಲೊಂದರಲ್ಲಿ ವಾರಕ್ಕೆ ಎರಡು ಸಂಜೆ ಕೂತು ಬ್ಯಾಂಕಿನ ಅರ್ಜಿ, ದೂರು ಬರೆದುಕೊಡುತ್ತೇನೆ. ಬರುವವರಲ್ಲಿ ಅರ್ಧದಷ್ಟು ಜನರ ಮಾತು ಒಂದೇ: "ಖಾತೆಯಲ್ಲಿ ದುಡ್ಡಿತ್ತು, ಸಾಲಕ್ಕೆ ಅಂತ ಮುರಿದುಕೊಂಡ್ರು. ಒಂದು ಮಾತು ಹೇಳ್ಲಿಲ್ಲ." ಅವರ ಮುಂದಿನ ಕತೆಯೂ ಹೆಚ್ಚುಕಡಿಮೆ ಒಂದೇ. ಮೊದಲ ದಿನ ಮ್ಯಾನೇಜರ ಹತ್ತಿರ ಜಗಳ, ಎರಡು ತಿಂಗಳು ಫೋನು, ಕೊನೆಗೆ ಯಾರೋ ಹೇಳಿದರೆಂದು ನೇರವಾಗಿ, ಬ್ಯಾಂಕುಗಳ ಮೇಲಿನ ದೂರು ಕೇಳುವ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು. ಅಲ್ಲಿಂದ "ಪರಿಗಣಿಸಲಾಗದು" ಎಂಬ ಒಂದು ಸಾಲಿನ ಉತ್ತರ.

ಇವರಲ್ಲಿ ಕೆಲವರ ವಾದ ನಿಜಕ್ಕೂ ಗಟ್ಟಿಯಿತ್ತು. ಸೋತದ್ದು ಹೆಜ್ಜೆ ಹಿಂದುಮುಂದಾದ್ದರಿಂದ. ಹಾಗಾಗಿ ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ, ಮಧ್ಯದಿಂದ ಶುರು ಮಾಡಬೇಡಿ.

ಹೊರಡುವ ಮೊದಲು ಚೀಲದಲ್ಲಿ ಇರಬೇಕಾದ್ದು

ಹಣ ಹೋದ ಖಾತೆಯ ಕಳೆದ ಆರು ತಿಂಗಳ ಸ್ಟೇಟ್‌ಮೆಂಟ್. ಪಾಸ್‌ಪುಸ್ತಕ ಸಾಲದು, ಅದರಲ್ಲಿ ವಿವರದ ಕಾಲಂ ಅರ್ಧಕ್ಕೆ ತುಂಡಾಗಿರುತ್ತದೆ. ಸಾಲದ ಮಂಜೂರಾತಿ ಪತ್ರ, ಕರಾರಿನ ಪ್ರತಿ, ಬ್ಯಾಂಕಿನಿಂದ ಬಂದ ನೋಟಿಸು ಮತ್ತು ಎಸ್‌ಎಂಎಸ್‌ಗಳು. ಎಸ್‌ಎಂಎಸ್ ಅಳಿಸಬೇಡಿ, ಸ್ಕ್ರೀನ್‌ಶಾಟ್ ತೆಗೆದಿಡಿ. ಒಂದು ನೂರು ಪುಟದ ನೋಟ್‌ಪುಸ್ತಕವೂ ಬೇಕು; ಯಾವ ದಿನ ಯಾರ ಹತ್ತಿರ ಏನು ಮಾತಾಡಿದಿರಿ ಎಂದು ಅದರಲ್ಲಿ ಬರೆಯುತ್ತ ಹೋಗಿ. ಈ ಪುಸ್ತಕ ಯಾಕೆ ಎಂದು ಎಲ್ಲರೂ ಕೇಳುತ್ತಾರೆ. ಏಳನೇ ಹಂತಕ್ಕೆ ಬಂದಾಗ ತಾನಾಗಿ ಗೊತ್ತಾಗುತ್ತದೆ.

ಹಂತ 1: ದುಡ್ಡು ಹೋದ ದಾರಿ ಯಾವುದು?

"ಬ್ಯಾಂಕಿನವರು ತೆಗೆದರು" ಎಂದು ಜನ ಹೇಳುವಾಗ ಅದರೊಳಗೆ ಐದಾರು ಬೇರೆ ಬೇರೆ ಸಂಗತಿಗಳು ಇರುತ್ತವೆ. ಒಂದೊಂದಕ್ಕೂ ಮದ್ದು ಬೇರೆ.

ಮೊದಲು ಖಾತೆಯ ಒಟ್ಟು ಶಿಲ್ಕು ಮತ್ತು ಬಳಸಬಹುದಾದ ಶಿಲ್ಕು ಎರಡನ್ನೂ ನೋಡಿ. ಒಟ್ಟು 41,250 ಎಂದಿದ್ದು ಬಳಸಲು 2,550 ಮಾತ್ರ ಇದ್ದರೆ ಹಣ ಎಲ್ಲಿಗೂ ಹೋಗಿಲ್ಲ, ತಡೆ ಹಾಕಿದ್ದಾರೆ. ಬ್ಯಾಂಕಿನವರ ಬಾಯಲ್ಲಿ ಇದು ಲೀನ್ ಅಥವಾ ಹೋಲ್ಡ್. ಎರಡೂ ಅಂಕಿ ಇಳಿದಿದ್ದರೆ ಮಾತ್ರ ಹಣ ಹೋಗಿದೆ.

ಹೋಗಿದ್ದರೆ ವಿವರದ ಕಾಲಂ ಓದಿ. ಎನ್‌ಎಸಿಎಚ್, ಎಸಿಎಚ್, ಎಸ್‌ಐ ಎಂದೆಲ್ಲ ಇದ್ದರೆ ಅದು ಕಂತಿಗೆಂದು ನೀವೇ ಸಹಿ ಹಾಕಿ ಕೊಟ್ಟ ಮ್ಯಾಂಡೇಟ್, ಎಂದರೆ ಖಾತೆಯಿಂದ ತಾನಾಗಿ ಕಡಿಯಲು ಕೊಟ್ಟ ಅನುಮತಿ. ಅದನ್ನು "ಅನುಮತಿ ಇಲ್ಲದೆ ತೆಗೆದರು" ಎಂದು ದೂರಿದರೆ ಮೊದಲ ದಿನವೇ ನಿಮ್ಮ ಮಾತಿನ ತೂಕ ಹೋಗುತ್ತದೆ. ಮ್ಯಾಂಡೇಟ್ ಇಲ್ಲದೆ, ಬ್ಯಾಂಕೇ ತನ್ನಷ್ಟಕ್ಕೆ ನಿಮ್ಮ ಠೇವಣಿಯನ್ನು ತನಗೆ ಬರಬೇಕಾದ ಸಾಲಕ್ಕೆ ವಜಾ ಮಾಡಿಕೊಂಡಿದ್ದರೆ ಅದು ಸೆಟ್-ಆಫ್. ಕನ್ನಡದಲ್ಲಿ ಬರೆಯುವಾಗ ನಾನು "ಸಾಲಕ್ಕೆ ಹೊಂದಾಣಿಕೆ" ಎನ್ನುತ್ತೇನೆ. ಈ ಮಾರ್ಗದರ್ಶಿ ಮುಖ್ಯವಾಗಿ ಇದರ ಕುರಿತು.

ಉಳಿದವನ್ನು ಬೇಗ ಹೇಳಿ ಮುಗಿಸುತ್ತೇನೆ. ಆದಾಯ ತೆರಿಗೆ, ಜಿಎಸ್‌ಟಿ, ಭವಿಷ್ಯನಿಧಿ ಇಲಾಖೆ ಅಥವಾ ಕೋರ್ಟು ಆದೇಶ ಕಳಿಸಿದ್ದರೆ ಬ್ಯಾಂಕ್ ಬರೀ ಅಂಚೆಯಣ್ಣ. ಆದೇಶದ ಪ್ರತಿ ಪಡೆದು ಆ ಕಚೇರಿಗೇ ಹೋಗಿ. 1930 ಸಹಾಯವಾಣಿಗೆ ಯಾರೋ ಕೊಟ್ಟ ಸೈಬರ್ ದೂರಿನ ಮೇಲೆ ತಡೆ ಬಿದ್ದಿದ್ದರೆ ಯಾವ ಠಾಣೆ, ದೂರಿನ ಸಂಖ್ಯೆ ಎಷ್ಟು ಎಂದು ಬರವಣಿಗೆಯಲ್ಲಿ ಕೇಳಿ. ಕನಿಷ್ಠ ಶಿಲ್ಕು ಇಲ್ಲವೆಂದು ದಂಡ ಕಡಿದಿದ್ದರೆ ಒಂದು ನಿಯಮ ನೆನಪಿರಲಿ: ಆ ದಂಡವೊಂದರಿಂದಲೇ ಉಳಿತಾಯ ಖಾತೆಯ ಶಿಲ್ಕು ಸೊನ್ನೆಯ ಕೆಳಗೆ ಹೋಗುವಂತಿಲ್ಲ. 2015ರ ಏಪ್ರಿಲ್‌ನಿಂದಲೇ ಇದು ರಿಸರ್ವ್ ಬ್ಯಾಂಕಿನ ಸೂಚನೆ.

ಹಂತ 2: ಅದೇ ದಿನ ಇನ್ನಷ್ಟು ರಕ್ತ ಹೋಗದಂತೆ ಕಟ್ಟು ಹಾಕಿ

ಇದನ್ನು ಎಲ್ಲರೂ ಮರೆಯುತ್ತಾರೆ. ಹೋದ ಹಣದ ಚಿಂತೆಯಲ್ಲಿ, ಆ ಖಾತೆಯ ಮೇಲೆ ಕೊಟ್ಟಿರುವ ಚೆಕ್ಕುಗಳ ನೆನಪೇ ಇರುವುದಿಲ್ಲ. ಹಾರ್ಡ್‌ವೇರ್ ಅಂಗಡಿಗೆ ಕೊಟ್ಟ ಚೆಕ್ ಶುಕ್ರವಾರ ಬ್ಯಾಂಕಿಗೆ ಬಂದು ಹಣವಿಲ್ಲದೆ ವಾಪಸಾದರೆ ನೆಗೋಷಿಯೇಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ ಸೆಕ್ಷನ್ 138ರ ನೋಟಿಸು ಬರುವುದು ನಿಮ್ಮ ಮನೆಗೆ. "ಬ್ಯಾಂಕ್ ಮುರಿದುಕೊಂಡಿತು" ಎಂದರೆ ಅಂಗಡಿಯವ ಕೇಳಬೇಕಲ್ಲ.

ಚೆಕ್ ಪಡೆದವರಿಗೆ ಅದೇ ದಿನ ಫೋನ್ ಮಾಡಿ, ಜಮಾ ಮಾಡಬೇಡಿ ಎಂದು ವಾಟ್ಸ್‌ಆ್ಯಪ್‌ನಲ್ಲೂ ಬರೆದು ಹಾಕಿ. ಬೇರೆ ಸಾಲದ ಕಂತು, ವಿಮೆಯ ಪ್ರೀಮಿಯಂ, ಚೀಟಿಯ ಕಂತು ಈ ಖಾತೆಯಿಂದ ಹೋಗುತ್ತಿದ್ದರೆ ಈ ತಿಂಗಳದ್ದನ್ನು ಬೇರೆ ದಾರಿಯಲ್ಲಿ ಕಟ್ಟಿ. ಎನ್‌ಎಸಿಎಚ್ ಬೌನ್ಸ್ ಆದರೂ 2007ರ ಪಾವತಿ ವ್ಯವಸ್ಥೆಗಳ ಕಾಯ್ದೆಯ ಸೆಕ್ಷನ್ 25ರ ಕೆಳಗೆ ಚೆಕ್ ಬೌನ್ಸಿನಂತೆಯೇ ಕೇಸು ಹಾಕಬಹುದು.

ಮುಂದೆ ಆ ಖಾತೆಗೆ ಏನೇನು ಬರಲಿದೆ ಎಂದೂ ಪಟ್ಟಿ ಮಾಡಿ. ಸಂಬಳ, ಅಡಿಕೆ ಮಾರಿದ ಹಣ, ಹಾಲಿನ ಬಟವಾಡೆ, ಬೀಡಿಯ ಮಜೂರಿ, ಗಲ್ಫ್‌ನಿಂದ ಮಗ ಕಳಿಸುವುದು. ಬಾಕಿ ಪೂರ್ತಿ ತೀರಿಲ್ಲವಾದರೆ ಅದರ ಮೇಲೂ ಕೈ ಬೀಳಬಹುದು. ಸಂಬಳವನ್ನು ಬೇರೆ ಬ್ಯಾಂಕಿಗೆ ಹಾಕಲು ಕಂಪನಿಗೆ ಅರ್ಜಿ ಕೊಡುವುದು ತಪ್ಪಲ್ಲ. ಆದರೆ "ಸಂಬಳ ಇದೇ ಖಾತೆಗೆ ಬರುತ್ತದೆ" ಎಂದು ಸಾಲ ಪಡೆಯುವಾಗ ಮುಚ್ಚಳಿಕೆ ಬರೆದುಕೊಟ್ಟಿದ್ದರೆ ಅದು ಕರಾರು ಮುರಿದಂತೆ. ಕಾಗದ ನೋಡದೆ ಹೆಜ್ಜೆ ಇಡಬೇಡಿ.

ಹಂತ 3: ಶಾಖೆಗೆ ಹೋಗಿ ಕಾಗದ ಕೇಳಿ, ನ್ಯಾಯ ಕೇಳಬೇಡಿ

ಮೊದಲ ಭೇಟಿಯಲ್ಲಿ ವಾದ ಬೇಡ. ಕೌಂಟರಿನಲ್ಲಿ ಕೂತವರಿಗೆ ಹಣ ತಿರುಗಿಸುವ ಅಧಿಕಾರ ಇರುವುದಿಲ್ಲ, ಎಷ್ಟೋ ಸಲ ಆ ನಮೂದನ್ನು ಹಾಕಿದ್ದೂ ಆ ಶಾಖೆ ಆಗಿರುವುದಿಲ್ಲ. ವಸೂಲಾತಿ ವಿಭಾಗ ಬೇರೆ ಊರಿನಲ್ಲಿ ಕೂತು ಬಟನ್ ಒತ್ತಿರುತ್ತದೆ. ಅರ್ಧ ಪುಟದ ಅರ್ಜಿಯಲ್ಲಿ ಇಷ್ಟು ಕೇಳಿ:

1. ಯಾವ ಸಾಲದ ಖಾತೆಗೆ, ಎಷ್ಟು, ಯಾವ ದಿನ ಜಮೆಯಾಗಿದೆ.
2. ಆ ಸಾಲದ ಖಾತೆಯ ಪೂರ್ತಿ ಸ್ಟೇಟ್‌ಮೆಂಟ್.
3. ಯಾವ ಕರಾರಿನ ಯಾವ ಷರತ್ತಿನ ಆಧಾರದ ಮೇಲೆ ಹೊಂದಾಣಿಕೆ ಮಾಡಲಾಗಿದೆ, ಅದರ ಪ್ರತಿ.
4. ಮುಂಚಿತವಾಗಿ ನೋಟಿಸು ಕಳಿಸಿದ್ದರೆ ಅದರ ಪ್ರತಿ ಮತ್ತು ಅಂಚೆಯ ದಾಖಲೆ.

ಕೊಡದಿದ್ದರೆ? ಸರಕಾರಿ ಬ್ಯಾಂಕಾದರೆ 10 ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಲ್ಲಿ ನಿಮ್ಮದೇ ಖಾತೆಯ ಕಾಗದ ಕೇಳಬಹುದು, 30 ದಿನದೊಳಗೆ ಉತ್ತರ ಬರಬೇಕು. ಖಾಸಗಿ ಬ್ಯಾಂಕಿಗೆ ಇದು ನಡೆಯುವುದಿಲ್ಲ. "ಕಾಗದ ಕೇಳಿದೆ, ಕೊಡಲಿಲ್ಲ" ಎಂಬುದನ್ನೇ ದೂರಿನಲ್ಲಿ ಸೇರಿಸಿ. ಅದು ಸಣ್ಣ ಅಸ್ತ್ರವಲ್ಲ.

ಹಂತ 4: ಬ್ಯಾಂಕಿಗೆ ಹಕ್ಕಿತ್ತೇ ಎಂದು ಪರೀಕ್ಷಿಸಿ

ಹೆಚ್ಚು ಹೊತ್ತು ಕೂರಬೇಕಾದ ಹಂತ ಇದು. ಬ್ಯಾಂಕ್ ಮಾಡಿದ್ದೆಲ್ಲ ಅನ್ಯಾಯ ಎಂದು ಹೊರಡುವವರು ಇಲ್ಲಿಯೇ ಎಡವುತ್ತಾರೆ. ನೀವು ಬ್ಯಾಂಕಿನಲ್ಲಿಟ್ಟ ಠೇವಣಿ ಕಾನೂನಿನ ಕಣ್ಣಲ್ಲಿ ಬ್ಯಾಂಕ್ ನಿಮಗೆ ಕೊಡಬೇಕಾದ ಸಾಲ. ನೀವೂ ಅದಕ್ಕೆ ಕೊಡಬೇಕಿದ್ದರೆ ಎರಡನ್ನೂ ಎದುರುಬದುರು ಇಟ್ಟು ವಜಾ ಮಾಡಿಕೊಳ್ಳುವ ಹಕ್ಕು ಅದಕ್ಕೆ ಸಾಮಾನ್ಯವಾಗಿ ಇದೆ. ಆದರೆ ಆ ಹಕ್ಕಿಗೆ ಬೇಲಿ ಇದೆ. ಬೇಲಿ ಎಲ್ಲಿದೆ ಎಂದು ನೋಡಲು ಈ ಪ್ರಶ್ನೆಗಳು.

*ಸಾಲ ಯಾರದ್ದು, ಹಣ ಯಾರದ್ದು?* ಎರಡೂ ಒಬ್ಬರದ್ದೇ ಆಗಿರಬೇಕು, ಒಂದೇ ಹಕ್ಕಿನಲ್ಲಿ ಇರಬೇಕು. ಒಬ್ಬನ ವೈಯಕ್ತಿಕ ಸಾಲಕ್ಕೆ ಅವನೂ ಹೆಂಡತಿಯೂ ಜಂಟಿಯಾಗಿ ಇಟ್ಟ ಖಾತೆಯ ಹಣ ತೆಗೆಯುವಂತಿಲ್ಲ, ಇಬ್ಬರೂ ಅದಕ್ಕೆ ಒಪ್ಪಿ ಸಹಿ ಹಾಕಿರದಿದ್ದರೆ. "ಐದರ್ ಆರ್ ಸರ್ವೈವರ್" ಎಂದು ಬರೆಸಿದ್ದೀರಲ್ಲ ಎಂದು ಶಾಖೆಯವರು ಹೇಳಬಹುದು. ಅದು ಇಬ್ಬರಲ್ಲಿ ಯಾರು ಬೇಕಾದರೂ ಖಾತೆ ನಡೆಸಲಿ ಎಂಬ ಅನುಕೂಲಕ್ಕೆ ಬರೆಸಿದ್ದು, ಹಣವೆಲ್ಲ ಒಬ್ಬನದೇ ಎಂದು ಅದರ ಅರ್ಥವಲ್ಲ. ಇದರ ಉಲ್ಟಾ ನಡೆಯುತ್ತದೆ: ಇಬ್ಬರೂ ಸೇರಿ ಮಾಡಿದ ಗೃಹಸಾಲಕ್ಕೆ ಇಬ್ಬರ ಒಂಟಿ ಖಾತೆಗಳೂ ಹೊಣೆ.

ಒಬ್ಬರೇ ನಡೆಸುವ ಅಂಗಡಿಯ ಚಾಲ್ತಿ ಖಾತೆ ಮತ್ತು ಆ ಮಾಲೀಕರ ಉಳಿತಾಯ ಖಾತೆ, ಎರಡೂ ಒಬ್ಬರದ್ದೇ. ಪಾಲುದಾರಿಕೆ ಸಂಸ್ಥೆಯ ಖಾತೆಯಿಂದ ಒಬ್ಬ ಪಾಲುದಾರನ ಸ್ವಂತ ಸಾಲಕ್ಕೆ ತೆಗೆಯಲಾಗದು. ಭಜನಾ ಮಂದಿರದ ಜೀರ್ಣೋದ್ಧಾರ ಸಮಿತಿಯ ಖಾತೆ ಖಜಾಂಚಿಯ ಸಹಿಯಲ್ಲಿ ನಡೆಯುತ್ತದೆಂದು ಆ ಹಣ ಖಜಾಂಚಿಯದ್ದಾಗುವುದಿಲ್ಲ. ಅಪ್ಪ ರಕ್ಷಕನಾಗಿರುವ ಮಗುವಿನ ಖಾತೆಯೂ ಹಾಗೆಯೇ.

*ಜಾಮೀನು ಹಾಕಿದ್ದೀರಾ?* ನಮ್ಮ ಕಡೆ ಅತಿ ಹೆಚ್ಚು ಕಣ್ಣೀರು ಇಲ್ಲಿಯದೇ. ಪಕ್ಕದ ಮನೆಯವನ ರಿಕ್ಷಾ ಸಾಲಕ್ಕೆ ಸಹಿ ಹಾಕಿ ಮರೆತುಬಿಟ್ಟಿರುತ್ತಾರೆ. 1872ರ ಕರಾರು ಕಾಯ್ದೆಯ ಸೆಕ್ಷನ್ 128ರ ಪ್ರಕಾರ ಜಾಮೀನುದಾರನ ಹೊಣೆ ಸಾಲಗಾರನಷ್ಟೇ, ಕರಾರಿನಲ್ಲಿ ಬೇರೆ ಬರೆಯದಿದ್ದರೆ. "ಮೊದಲು ಅವನ ರಿಕ್ಷಾ ಹರಾಜು ಹಾಕಲಿ, ಆಮೇಲೆ ನನ್ನ ಹತ್ತಿರ ಬರಲಿ" ಎಂಬ ವಾದ ನಿಲ್ಲುವುದಿಲ್ಲ. ನೋಡಬೇಕಾದ್ದು ಬೇರೆ: ಜಾಮೀನುದಾರರಾದ ನಿಮಗೆ ಹಣ ಕಟ್ಟಿರೆಂದು ಬೇಡಿಕೆಯ ನೋಟಿಸು ಬಂದಿತ್ತೇ? ಬೇಡಿಕೆ ಇಟ್ಟ ಮೇಲೆ ಹೊಣೆ ಎಂದು ಜಾಮೀನು ಪತ್ರದಲ್ಲಿ ಇದ್ದು, ನೋಟಿಸು ಬಂದಿಲ್ಲವಾದರೆ ನಿಮ್ಮ ಪತ್ರದ ಮೊದಲ ಸಾಲು ಅದೇ.

*ಎರಡೂ ಒಂದೇ ಬ್ಯಾಂಕೇ?* ವಿಚಿತ್ರವೆನಿಸಬಹುದು, ಆದರೆ ಉಡುಪಿ, ದಕ್ಷಿಣ ಕನ್ನಡ ಜಿಲ್ಲೆಗಳಲ್ಲಿ ಈ ಪ್ರಶ್ನೆಗೆ ಅರ್ಥ ಹೆಚ್ಚು. ವಿಜಯಾ ಬ್ಯಾಂಕ್ 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾದಲ್ಲಿ ಸೇರಿತು. ಒಂದು ವರ್ಷದ ನಂತರ ಅದೇ ದಿನ ಸಿಂಡಿಕೇಟ್ ಬ್ಯಾಂಕ್ ಕೆನರಾದಲ್ಲಿ, ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನಲ್ಲಿ ಲೀನವಾದವು. ಹಿಂದೆ ಸಾಲ ಒಂದರಲ್ಲಿ, ಉಳಿತಾಯ ಇನ್ನೊಂದರಲ್ಲಿ ಇಟ್ಟು ನೆಮ್ಮದಿಯಾಗಿದ್ದವರ ಎರಡೂ ಖಾತೆ ಈಗ ಒಂದೇ ಸೂರಿನಡಿ ಇವೆ. "ನನ್ನ ಸಾಲ ಹಳೇ ಬ್ಯಾಂಕಿನದ್ದು" ಎಂಬ ಮಾತು ನಡೆಯದು. ಬೇರೆ ಬ್ಯಾಂಕಿನ ಸಾಲಕ್ಕೆ ಈ ಬ್ಯಾಂಕ್ ಕೈ ಹಾಕಿದ್ದರೆ ಮಾತ್ರ ಪ್ರಶ್ನಿಸಿ.

*ಬಾಕಿ ನಿಜಕ್ಕೂ ವಾಯಿದೆ ಮೀರಿದ್ದೇ?* ಮೂರು ಕಂತು ತಪ್ಪಿದರೆ ಬಾಕಿ ಮೂರು ಕಂತು. ಇಡೀ ಸಾಲ ಒಮ್ಮೆಗೇ ಕಟ್ಟಬೇಕಾಗುವುದು ಬ್ಯಾಂಕ್ ಕರಾರಿನಂತೆ ಸಾಲವನ್ನು ಹಿಂದಕ್ಕೆ ಕರೆದ ಮೇಲೆ. ಹಿಂದಕ್ಕೆ ಕರೆದ ನೋಟಿಸು ಇಲ್ಲದೆ ಬರುವ ಕಂತುಗಳಿಗೂ ಸೇರಿಸಿ ತೆಗೆದಿದ್ದರೆ, ಹೆಚ್ಚಿನ ಭಾಗ ವಾಪಸು ಕೇಳಬಹುದು. ಅವಧಿ ಮುಗಿಯದ ನಿರಖು ಠೇವಣಿಯನ್ನು (ಎಫ್‌ಡಿ) ಮುರಿದಿದ್ದರೆ, ಅವಧಿಗೆ ಮುಂಚೆ ಮುರಿಯುವ ಅಧಿಕಾರ ಕೊಟ್ಟ ಕಾಗದ ತೋರಿಸಿ ಎನ್ನಿ.

ಇಲ್ಲೊಂದು ತಪ್ಪು ನಂಬಿಕೆ: "ಮೂರು ವರ್ಷ ಕಳೆಯಿತು, ಸಾಲ ಸತ್ತಿತು." ಕಾಲಮಿತಿ ಕಾಯ್ದೆ ಮುಚ್ಚುವುದು ಕೋರ್ಟಿಗೆ ದಾವೆ ಹಾಕುವ ಬಾಗಿಲನ್ನು, ಸಾಲ ಇದ್ದೇ ಇರುತ್ತದೆ. ಕಾಲ ಮೀರಿತೆಂಬ ಒಂದೇ ಕಾಲಿನ ಮೇಲೆ ನಿಮ್ಮ ದೂರನ್ನು ನಿಲ್ಲಿಸಬೇಡಿ.

*ಬಂದ ಹಣ ಎಂಥದ್ದು?* ಪಿಂಚಣಿ, ಗ್ರಾಚ್ಯುಟಿಗಳಿಗೆ ಸಿವಿಲ್ ಪ್ರಕ್ರಿಯಾ ಸಂಹಿತೆಯ ಸೆಕ್ಷನ್ 60 ಮತ್ತು 1871ರ ಪಿಂಚಣಿ ಕಾಯ್ದೆ ಜಪ್ತಿಯಿಂದ ರಕ್ಷಣೆ ಕೊಡುತ್ತವೆ. ಅವನ್ನು ನಿರಖು ಠೇವಣಿ ಮಾಡಿಟ್ಟರೂ ಆ ರಕ್ಷಣೆ ಹೋಗುವುದಿಲ್ಲ ಎಂದು ರಾಧೇಶ್ಯಾಮ್ ಗುಪ್ತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2008ರಲ್ಲಿ ಹೇಳಿದೆ. ಅದು ಕೋರ್ಟಿನ ಜಪ್ತಿಯ ವಿಷಯದಲ್ಲಿ ಬಂದ ತೀರ್ಪು, ಆದರೂ ಪಿಂಚಣಿ ಖಾತೆ ಬರಿದಾದವರ ಪತ್ರದಲ್ಲಿ ನಾನು ಇದನ್ನು ತಪ್ಪದೆ ಬರೆಯುತ್ತೇನೆ. ಪಿಂಚಣಿಯ ಮೇಲೇ ಸಾಲ ಪಡೆದು ಕಂತು ಕಡಿಯಲು ಒಪ್ಪಿದ್ದರೆ ಮಾತು ಬೇರೆ.

ಸರಕಾರದ ಬೆಳೆ ಪರಿಹಾರವನ್ನು ಸಾಲಕ್ಕೆ ಜಮೆ ಮಾಡಿಕೊಳ್ಳಬಾರದೆಂದು 2023-24ರ ಬರಗಾಲದ ಹೊತ್ತಿಗೆ ರಾಜ್ಯ ಸರಕಾರ ಬ್ಯಾಂಕುಗಳಿಗೆ ಹೇಳಿತ್ತು. ಪರಿಹಾರವೋ, ಗೃಹಲಕ್ಷ್ಮಿಯ 2,000 ರೂಪಾಯಿಯೋ, ಸಂಧ್ಯಾ ಸುರಕ್ಷಾವೋ ಹೋಗಿದ್ದರೆ ಸ್ಟೇಟ್‌ಮೆಂಟಿನಲ್ಲಿ ಅದು ಬಂದ ಸಾಲಿಗೂ ಹೋದ ಸಾಲಿಗೂ ಹಳದಿ ಗೆರೆ ಎಳೆದು ಲಗತ್ತಿಸಿ. ಗೃಹಲಕ್ಷ್ಮಿಯದ್ದಾದರೆ ಶಿಶು ಅಭಿವೃದ್ಧಿ ಯೋಜನಾಧಿಕಾರಿಯ (ಸಿಡಿಪಿಒ) ಕಚೇರಿಗೆ, ಉಳಿದ ಎರಡಕ್ಕೆ ತಹಶೀಲ್ದಾರರಿಗೆ ಒಂದು ಪ್ರತಿ. ಜಿಲ್ಲೆಯ ಬ್ಯಾಂಕುಗಳ ಕೆಲಸವನ್ನು ಹೊಂದಿಸುವ ಲೀಡ್ ಬ್ಯಾಂಕ್ ಕಚೇರಿಗೂ ಒಂದು.

*ಚಿನ್ನ ತಡೆಹಿಡಿದಿದ್ದಾರಾ?* ಇದು ಹಣವಲ್ಲ, ಆದರೂ ಮಂಗಳೂರು ಕಡೆಯಿಂದ ಬರುವ ದೂರುಗಳಲ್ಲಿ ತಪ್ಪದೆ ಇರುತ್ತದೆ. ಚಿನ್ನದ ಸಾಲ ಪೂರ್ತಿ ತೀರಿಸಿದರೂ, ಇನ್ನೊಂದು ಸಾಲ ಬಾಕಿ ಇದೆಯೆಂದು ಸರ ಕೊಡುವುದಿಲ್ಲ. ಕರಾರು ಕಾಯ್ದೆಯ ಸೆಕ್ಷನ್ 171 ಬ್ಯಾಂಕಿಗೆ ಸಾಮಾನ್ಯ ತಡೆಹಕ್ಕು ಕೊಡುತ್ತದೆ, ವಿರುದ್ಧವಾದ ಕರಾರು ಇಲ್ಲದಿದ್ದರೆ. ಸೆಕ್ಷನ್ 174ರ ಪ್ರಕಾರ ಒಂದು ಸಾಲಕ್ಕೆ ಅಡವಿಟ್ಟದ್ದನ್ನು ಇನ್ನೊಂದಕ್ಕೆ ಹಿಡಿದಿಡುವಂತಿಲ್ಲ, ಹಾಗೆಂದು ಕರಾರು ಇರದಿದ್ದರೆ. ಎರಡರ ಗುದ್ದಾಟದಲ್ಲಿ ಗೆಲ್ಲಿಸುವುದು ಅಡವಿನ ಚೀಟಿಯ ಹಿಂಬದಿಯ ಸಣ್ಣಕ್ಷರ. ಭೂತಗನ್ನಡಿ ಹಿಡಿದು ಓದಿ.

ಹಂತ 5: ಲೆಕ್ಕ ನೀವೇ ಮಾಡಿ

ಹಕ್ಕಿತ್ತು ಎಂದಾದರೂ ತೆಗೆದ ಮೊತ್ತ ಸರಿಯೇ ಎಂಬ ಪ್ರಶ್ನೆ ಉಳಿಯುತ್ತದೆ. ನನ್ನ ಅನುಭವದಲ್ಲಿ ಸುಲಭವಾಗಿ ಹಣ ವಾಪಸು ಬರುವುದು ಇಲ್ಲಿಂದಲೇ.

ಒಂದು ಉದಾಹರಣೆ ಹಿಡಿಯಿರಿ. ಮಲ್ಪೆಯ ಬೋಟಿನಲ್ಲಿ ದುಡಿಯುವವನೊಬ್ಬ, ವೈಯಕ್ತಿಕ ಸಾಲದ ಕಂತು 8,400. ಮಳೆಗಾಲದಲ್ಲಿ ಮೂರು ಕಂತು ತಪ್ಪಿದೆ, ಅಂದರೆ 25,200. ದಂಡಶುಲ್ಕ 900. ಒಟ್ಟು 26,100. ಖಾತೆಯಲ್ಲಿದ್ದ 41,250ರಲ್ಲಿ ಬ್ಯಾಂಕ್ ತೆಗೆದದ್ದು 38,700. ಸಾಲವನ್ನು ಹಿಂದಕ್ಕೆ ಕರೆದ ನೋಟಿಸು ಇಲ್ಲ. ಹಾಗಾದರೆ 12,600 ಹೆಚ್ಚು ಹೋಗಿದೆ. "ನನ್ನ ಹಣ ಎಲ್ಲ ಕೊಡಿ" ಎಂದು ಬರೆದರೆ ಇವನಿಗೆ ಏನೂ ಸಿಗುವುದಿಲ್ಲ. "12,600 ಕೊಡಿ, ಲೆಕ್ಕ ಇಂತಿದೆ" ಎಂದರೆ ಅತ್ತಲಿಂದ ಯಾರೋ ಒಬ್ಬರು ಕ್ಯಾಲ್ಕುಲೇಟರ್ ತೆಗೆಯಲೇಬೇಕು.

ದಂಡದ ಸಾಲುಗಳನ್ನು ಬೇರೆಯಾಗಿ ನೋಡಿ. 2023ರ ಆಗಸ್ಟ್‌ನ ರಿಸರ್ವ್ ಬ್ಯಾಂಕ್ ಸುತ್ತೋಲೆಯಂತೆ ಸುಸ್ತಿಗೆ ದಂಡಬಡ್ಡಿ ಹಾಕುವಂತಿಲ್ಲ, ದಂಡಶುಲ್ಕ ಮಾತ್ರ. ಆ ಶುಲ್ಕವನ್ನು ಅಸಲಿಗೆ ಸೇರಿಸಿ ಅದರ ಮೇಲೆ ಮತ್ತೆ ಬಡ್ಡಿ ಎಣಿಸುವಂತಿಲ್ಲ. ಹೊಸ ಸಾಲಗಳಿಗೆ 2024ರ ಏಪ್ರಿಲ್ 1ರಿಂದ, ಹಳೆಯವಕ್ಕೆ ಅದೇ ವರ್ಷದ ಜೂನ್ 30ರೊಳಗೆ ಇದು ಜಾರಿಯಾಗಬೇಕಿತ್ತು. ದಂಡಶುಲ್ಕದ ಮೇಲೆ ಜಿಎಸ್‌ಟಿ ಇಲ್ಲವೆಂದು 2025ರ ಜನವರಿಯಲ್ಲಿ ಸ್ಪಷ್ಟನೆಯೂ ಬಂದಿದೆ. ಸ್ಟೇಟ್‌ಮೆಂಟಿನಲ್ಲಿ ದಂಡದ ಕೆಳಗೇ 18 ಶೇಕಡದ ಒಂದು ಸಣ್ಣ ಸಾಲು ಕಂಡರೆ ಅದಕ್ಕೂ ಗೆರೆ ಎಳೆಯಿರಿ.

ಹಂತ 6: ಪತ್ರ ಬರೆಯಿರಿ, ಸೀಲು ಹಾಕಿಸಿ

ಒಂದೇ ಪುಟ ಸಾಕು. ಸಿಟ್ಟು, ಬಡತನ, ಮಗಳ ಮದುವೆ ಎಲ್ಲ ಬೇಡ. ಕನ್ನಡದಲ್ಲೇ ಬರೆಯಿರಿ. ನಾನು ಬಳಸುವ ನಮೂನೆ:

"ವ್ಯವಸ್ಥಾಪಕರಿಗೆ. ವಿಷಯ: ನನ್ನ ಉಳಿತಾಯ ಖಾತೆಯಿಂದ ಸಾಲಕ್ಕೆ ಹೊಂದಾಣಿಕೆ ಮಾಡಿದ ಹಣದ ಬಗ್ಗೆ ದೂರು. ಮೇಲಿನ ಖಾತೆಯಿಂದ ಇಂಥ ದಿನಾಂಕದಂದು ಇಷ್ಟು ರೂಪಾಯಿಯನ್ನು ಇಂಥ ಸಾಲದ ಖಾತೆಗೆ ಜಮೆ ಮಾಡಲಾಗಿದೆ. ಇದಕ್ಕೆ ಮುಂಚಿತ ನೋಟಿಸು ನನಗೆ ತಲುಪಿಲ್ಲ. ಆ ದಿನಕ್ಕೆ ವಾಯಿದೆ ಮೀರಿದ ಬಾಕಿ ಇಷ್ಟು ಮಾತ್ರ, ಲೆಕ್ಕ ಲಗತ್ತಿಸಿದ್ದೇನೆ. ಹೆಚ್ಚುವರಿ ಇಷ್ಟು ರೂಪಾಯಿಯನ್ನು ಹೋದ ದಿನದಿಂದಲೇ ಲೆಕ್ಕಕ್ಕೆ ಬರುವಂತೆ ಖಾತೆಗೆ ತಿರುಗಿ ಜಮೆ ಮಾಡಿ, ಈ ಕಾರಣದಿಂದ ಬಿದ್ದ ಬೌನ್ಸ್ ಶುಲ್ಕಗಳನ್ನೂ ಮರಳಿಸಿ. ನಿಮ್ಮ ನಿರ್ಧಾರವನ್ನು ಕಾರಣಸಹಿತ ಬರವಣಿಗೆಯಲ್ಲಿ ತಿಳಿಸಿ."

ಜಂಟಿ ಖಾತೆ, ಪಿಂಚಣಿ, ಜಾಮೀನು ಯಾವುದು ನಿಮಗೆ ಅನ್ವಯವೋ ಆ ಒಂದು ವಾಕ್ಯ ಮಧ್ಯದಲ್ಲಿ ಸೇರಿಸಿ. ಹತ್ತು ಕಾರಣ ತುರುಕಿದರೆ ಬ್ಯಾಂಕ್ ಅತಿ ದುರ್ಬಲವಾದ ಒಂದನ್ನು ಆರಿಸಿ ಅದಕ್ಕಷ್ಟೇ ಉತ್ತರ ಕೊಡುತ್ತದೆ. ನೋಟಿಸಿನ ಬಗ್ಗೆ ಒಂದು ಎಚ್ಚರಿಕೆ: "ಯಾವುದೇ ಸೂಚನೆ ಇಲ್ಲದೆ" ಎಂಬ ಮಾತು ನಿಮ್ಮ ಕರಾರಿನಲ್ಲೇ ಇರಬಹುದು. ಹಾಗಿದ್ದರೆ ನೋಟಿಸು ಬರಲಿಲ್ಲ ಎಂಬುದನ್ನು ಎರಡನೇ ಸ್ಥಾನಕ್ಕೆ ಇಳಿಸಿ, ಲೆಕ್ಕವನ್ನು ಮುಂದೆ ಇಡಿ.

ಇನ್ನು ಸೀಲು. ವರ್ಷಗಳ ಹಿಂದೆ ನನ್ನದೇ ಖಾತೆಯಿಂದ ಕ್ರೆಡಿಟ್ ಕಾರ್ಡಿನ ಬಾಕಿಗೆಂದು ಒಂದು ಬ್ಯಾಂಕ್ ಹಣ ತೆಗೆದಿತ್ತು. ಚಂದದ ಅಕ್ಷರದಲ್ಲಿ ಪತ್ರ ಬರೆದು ಕೊಟ್ಟೆ. "ಇಟ್ಟು ಹೋಗಿ ಸರ್, ನೋಡ್ತೇವೆ" ಎಂದರು, ಇಟ್ಟು ಬಂದೆ. ಎರಡು ತಿಂಗಳ ಮೇಲೆ ವಿಚಾರಿಸಿದರೆ ಅಂಥ ಪತ್ರವೇ ಬಂದಿಲ್ಲ. ಓಂಬುಡ್ಸ್‌ಮನ್‌ಗೆ ಬರೆದೆ, ಬ್ಯಾಂಕಿಗೆ ದೂರು ಕೊಟ್ಟ ದಾಖಲೆ ಇಲ್ಲವೆಂದು ವಾಪಸು ಬಂತು. ಪುನಃ ಒಂದರಿಂದ ಶುರು. ಅಂದಿನಿಂದ, ಪತ್ರದ ಎರಡನೇ ಪ್ರತಿಯ ಮೇಲೆ ದಿನಾಂಕದ ನೇರಳೆ ಮುದ್ರೆ ಬೀಳುವವರೆಗೆ ಕೌಂಟರ್ ಬಿಟ್ಟು ಕದಲುವುದಿಲ್ಲ. ಮುದ್ರೆ ಹಾಕಲು ಒಪ್ಪದಿದ್ದರೆ ಮಾತು ಬೆಳೆಸಬೇಡಿ ಮಾರಾಯ್ರೆ, ಹೊರಗೆ ಬಂದು ಸ್ಪೀಡ್ ಪೋಸ್ಟ್ ಮಾಡಿ, ಅದೇ ಪತ್ರದ ಫೋಟೊವನ್ನು ಬ್ಯಾಂಕಿನ ದೂರು ಪೋರ್ಟಲ್‌ಗೂ ಹಾಕಿ. ಪೋರ್ಟಲ್ ಕೊಡುವ ಸಂಖ್ಯೆ ಸೀಲಿನಷ್ಟೇ ಗಟ್ಟಿ.

ಹಂತ 7: ಮೂವತ್ತು ದಿನ

ಪತ್ರ ತಲುಪಿದ ದಿನದಿಂದ 30 ದಿನ ಬ್ಯಾಂಕಿಗೆ ಸಮಯ. ಅದಕ್ಕೂ ಮುಂಚೆ ಓಂಬುಡ್ಸ್‌ಮನ್‌ಗೆ ಹೋದರೆ ದೂರು ಬಿದ್ದುಹೋಗುತ್ತದೆ. ಹತ್ತನೇ ದಿನಕ್ಕೆ ಬ್ಯಾಂಕಿನ ವಲಯ ಕಚೇರಿಯ ನೋಡಲ್ ಅಧಿಕಾರಿಗೆ ಅದೇ ಪತ್ರ, ಅದೇ ಸಂಖ್ಯೆ ನಮೂದಿಸಿ ಇಮೇಲ್ ಮಾಡಿ. ಅವರ ವಿವರ ಶಾಖೆಯ ನೋಟಿಸ್ ಬೋರ್ಡಿನಲ್ಲಿ ಇರಲೇಬೇಕು. ಈ ಅವಧಿಯಲ್ಲಿ ಫೋನಿನಲ್ಲಿ ಸಿಗುವ ಭರವಸೆಗಳನ್ನೆಲ್ಲ ಆ ನೂರು ಪುಟದ ಪುಸ್ತಕಕ್ಕೆ ಇಳಿಸಿ, ಅದೇ ಸಂಜೆ "ನೀವು ಇಂದು ಹೀಗೆ ತಿಳಿಸಿದಿರಿ" ಎಂದು ಒಂದು ಸಾಲಿನ ಇಮೇಲ್ ಕಳಿಸಿ. ಫೋನಿನ ಮಾತು ಕಾಗದವಾಗುವುದು ಹೀಗೆ.

ಇದೇ ದಿನಗಳಲ್ಲಿ ವಸೂಲಾತಿಯವರು ಬಂದು "ಇಲ್ಲೊಂದು ಸಹಿ ಹಾಕಿ, ಉಳಿದದ್ದು ಬಿಡುತ್ತೇವೆ" ಎನ್ನಬಹುದು. ಆ ಕಾಗದದಲ್ಲಿ ಹಳೆಯ ಹೊಂದಾಣಿಕೆಗೆ ನಿಮ್ಮ ಒಪ್ಪಿಗೆ ಇದೆ ಎಂಬ ಸಾಲು ಇದೆಯೇ ನೋಡಿ. ಓದಲು ಒಂದು ದಿನ ಕೊಡದಿದ್ದರೆ ಸಹಿ ಬೇಡ.

ಹಂತ 8: ಮುಂದಿನ ಬಾಗಿಲು ಯಾವುದು?

30 ದಿನ ಕಳೆದರೂ ಉತ್ತರವಿಲ್ಲ, ಅಥವಾ ಉತ್ತರ ಸಮಾಧಾನ ತಂದಿಲ್ಲವೆಂದಾದರೆ ತಡ ಮಾಡದೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ. ಶುಲ್ಕವಿಲ್ಲ. ಸಿಎಂಎಸ್ ಡಾಟ್ ಆರ್‌ಬಿಐ ಡಾಟ್ ಓಆರ್‌ಜಿ ಡಾಟ್ ಇನ್ ತಾಣದಲ್ಲಿ ತುಂಬಬಹುದು. ಆಗದವರು ಚಂಡೀಗಢದ ಸೆಕ್ಟರ್ 17ರಲ್ಲಿರುವ ರಿಸರ್ವ್ ಬ್ಯಾಂಕಿನ ಕೇಂದ್ರೀಕೃತ ಸ್ವೀಕೃತಿ ಕೇಂದ್ರಕ್ಕೆ ಅಂಚೆಯಲ್ಲಿ ಕಳಿಸಬಹುದು, ಪಿನ್ 160017. ಅನುಮಾನ ಬಂದರೆ 14448ಕ್ಕೆ ಫೋನ್ ಮಾಡಿ, ಕನ್ನಡದಲ್ಲೂ ಮಾತಾಡುತ್ತಾರೆ.

ದೂರು ತಿರಸ್ಕಾರವಾಗುವ ಕಾರಣಗಳು ಹೆಚ್ಚಾಗಿ ಇವೇ: ಬ್ಯಾಂಕಿಗೆ ಮೊದಲು ಬರೆದ ದಾಖಲೆ ಇಲ್ಲ, 30 ದಿನ ಆಗಿಲ್ಲ, ಅದೇ ವಿಷಯ ಕೋರ್ಟಿನಲ್ಲಿದೆ, ವಕೀಲರ ಮೂಲಕ ಕಳಿಸಲಾಗಿದೆ. ಕೊನೆಯದ್ದು ಎಷ್ಟೋ ಜನರಿಗೆ ಗೊತ್ತಿಲ್ಲ. ವಕೀಲರ ಲೆಟರ್‌ಹೆಡ್ಡಿನಲ್ಲಿ ಹೋದರೆ ಭಯ ಬೀಳುತ್ತಾರೆಂದು ದುಡ್ಡು ಖರ್ಚು ಮಾಡಿ ಕಳಿಸುತ್ತಾರೆ, ಅದೇ ಕಾರಣಕ್ಕೆ ಬೀಳುತ್ತದೆ. ನಿಮ್ಮ ಹೆಸರಲ್ಲೇ ಹಾಕಿ.

ಹಣ ತೆಗೆದದ್ದು ಸಹಕಾರಿ ಸೊಸೈಟಿಯಾದರೆ ದಾರಿ ಪೂರ್ತಿ ಬೇರೆ. ನಮ್ಮ ಎರಡು ಜಿಲ್ಲೆಗಳಲ್ಲಿ ಪೇಟೆಗೆ ನಾಲ್ಕು ಸೊಸೈಟಿ, ಬೋರ್ಡು ನೋಡಿದರೆ ಬ್ಯಾಂಕಿನಂತೆಯೇ ಕಾಣುತ್ತವೆ. ಪತ್ತಿನ ಸಹಕಾರ ಸಂಘಗಳು ಓಂಬುಡ್ಸ್‌ಮನ್ ವ್ಯಾಪ್ತಿಗೆ ಬರುವುದಿಲ್ಲ. ಅಲ್ಲಿ ವಿವಾದ ಹೋಗುವುದು 1959ರ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆಯ ಸೆಕ್ಷನ್ 70ರ ಕೆಳಗೆ ಸಹಕಾರ ಇಲಾಖೆಯ ಮುಂದೆ. ಹೆಸರಿನಲ್ಲಿ "ಸೌಹಾರ್ದ" ಎಂದಿದ್ದರೆ 1997ರ ಸೌಹಾರ್ದ ಸಹಕಾರಿ ಕಾಯ್ದೆ. ರಸೀದಿಯ ಮೇಲಿನ ನೋಂದಣಿ ಸಾಲು ಓದಿದರೆ ಯಾವುದೆಂದು ತಿಳಿಯುತ್ತದೆ.

ಗ್ರಾಹಕ ಆಯೋಗ ಮಂಗಳೂರಿನಲ್ಲೂ ಇದೆ, ಉಡುಪಿಯಲ್ಲೂ ಇದೆ. ಘಟನೆಯಾಗಿ ಎರಡು ವರ್ಷದೊಳಗೆ ಹೋಗಬೇಕು. ಚೆಕ್ ಬೌನ್ಸ್ ಆಗಿ ನಷ್ಟವಾದವರಿಗೆ, ಜಂಟಿ ಖಾತೆಯ ಹೆಂಡತಿಯ ಪಾಲು ಹೋದವರಿಗೆ ನಾನು ಈ ದಾರಿಯನ್ನೇ ಹೇಳುವುದು. ಮಹಿಳೆಯರಿಗೆ ಮತ್ತು ಕಡಿಮೆ ಆದಾಯದವರಿಗೆ ಕೋರ್ಟು ಸಂಕೀರ್ಣದಲ್ಲಿರುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಉಚಿತ ವಕೀಲರನ್ನು ಕೊಡುತ್ತದೆ, ಸಹಾಯವಾಣಿ 15100.

ಹಂತ 9: ಉಳಿದ ಸಾಲ

ದೂರು ಗೆದ್ದರೂ ಸಾಲ ಹೋಗುವುದಿಲ್ಲ. ಹಾಗಾಗಿ ದೂರಿನ ಜೊತೆಜೊತೆಗೇ ಕಟ್ಟುವ ಕೆಲಸವೂ ನಡೆಯಲಿ. ಒಂದೇ ಬ್ಯಾಂಕಿನಲ್ಲಿ ಎರಡು ಮೂರು ಸಾಲ ಇರುವವರು ಕಟ್ಟುವಾಗ ಚಲನ್ ಮೇಲೆ "ಈ ಹಣ ಇಂಥ ಸಂಖ್ಯೆಯ ಸಾಲದ ಇಂಥ ತಿಂಗಳ ಕಂತಿಗೆ ಮಾತ್ರ" ಎಂದು ಬರೆಯಿರಿ. ಕರಾರು ಕಾಯ್ದೆಯ ಸೆಕ್ಷನ್ 59ರ ಪ್ರಕಾರ, ಹಾಗೆ ಹೇಳಿ ಕೊಟ್ಟ ಹಣ ಸ್ವೀಕರಿಸಿದ ಮೇಲೆ ಅದಕ್ಕೇ ಜಮೆಯಾಗಬೇಕು. ಏನೂ ಹೇಳದೆ ಕೊಟ್ಟರೆ ಸೆಕ್ಷನ್ 60, ಅಂದರೆ ಬ್ಯಾಂಕ್ ತನಗೆ ಬೇಕಾದ ಬಾಕಿಗೆ ಹಾಕಿಕೊಳ್ಳಬಹುದು, ಕಾಲ ಮೀರಿದ ಹಳೇ ಸಾಲಕ್ಕೂ. ಒಂದು ಸಾಲು ಬರೆಯದೆ ಕಟ್ಟಿದ್ದಕ್ಕೆ ಗೃಹಸಾಲ ಸುಸ್ತಿಯಾಗಿ ಉಳಿದು, ಮರೆತೇಹೋಗಿದ್ದ ಕಾರ್ಡಿನ ಬಾಕಿ ತೀರಿದ್ದನ್ನು ಕಂಡಿದ್ದೇನೆ.

ಬಾಕಿಯಲ್ಲಿ ಒಂದಷ್ಟು ಬಿಡಿಸಿಕೊಂಡು ಒಮ್ಮೆಗೇ ಕಟ್ಟಿ ಮುಗಿಸುವ ಏಕಗಂಟಿನ ಇತ್ಯರ್ಥ ಮಾಡಿಕೊಂಡರೆ ಸಿಬಿಲ್‌ನಂಥ ಸಾಲ ವರದಿಯಲ್ಲಿ "ಸೆಟಲ್ಡ್" ಎಂದು ಬೀಳುತ್ತದೆ, "ಕ್ಲೋಸ್ಡ್" ಎಂದಲ್ಲ. ಮುಂದೆ ಮನೆ ಕಟ್ಟುವ ಯೋಚನೆ ಇರುವವರು ಇದನ್ನು ಮೊದಲೇ ತೂಗಿ ನೋಡಿ. ಮುಗಿದ ಮೇಲೆ ಬಾಕಿ ಇಲ್ಲ ಎಂಬ ಪತ್ರ ಮತ್ತು ಖಾತೆಯ ಮೇಲಿನ ಲೀನ್ ತೆಗೆದ ದೃಢೀಕರಣ, ಎರಡನ್ನೂ ಪಡೆಯಿರಿ. ಮೊದಲನೆಯದ್ದು ಕೊಟ್ಟು ಎರಡನೆಯದ್ದು ಮರೆಯುವುದು ಶಾಖೆಗಳ ಅಭ್ಯಾಸ.

ಮುಂಚೆಯೇ ಕಾಣುವ ಲಕ್ಷಣಗಳು

ಹಣ ಒಮ್ಮೆಗೇ ಮಾಯವಾಗುವುದು ಕಡಿಮೆ. ಕಂತು ತಪ್ಪಿದ ಮೊದಲ 30 ದಿನ, 60 ದಿನ, 90 ದಿನ ಎಂದು ಬ್ಯಾಂಕಿನೊಳಗೆ ಸಾಲದ ಹಣೆಪಟ್ಟಿ ಬದಲಾಗುತ್ತ ಹೋಗುತ್ತದೆ. 90 ದಾಟಿದರೆ ಅನುತ್ಪಾದಕ ಸಾಲ. ಆ ಮೂರನೇ ತಿಂಗಳಲ್ಲೇ ಹೆಚ್ಚಿನ ಹೊಂದಾಣಿಕೆಗಳು ನಡೆಯುವುದು, ಅದರಲ್ಲೂ ಮಾರ್ಚ್ ಹತ್ತಿರ ಬಂದಾಗ. ಎಟಿಎಂನಲ್ಲಿ ಬಳಸಬಹುದಾದ ಶಿಲ್ಕು ಕಡಿಮೆ ತೋರಿಸುವುದು, ನಿರಖು ಠೇವಣಿ ನವೀಕರಿಸಲು ಹೋದರೆ "ಸಿಸ್ಟಮ್ ತಗೊಳ್ತಿಲ್ಲ" ಎನ್ನುವುದು, ಜಾಮೀನು ಹಾಕಿದ ಸಾಲದ ಎಸ್‌ಎಂಎಸ್ ನಿಮ್ಮ ಮೊಬೈಲಿಗೆ ಬರತೊಡಗುವುದು, ಇವೆಲ್ಲ ಗುಡುಗು. ಮಳೆಗೆ ಮುಂಚೆ ಬಟ್ಟೆ ತೆಗೆದಿಡಿ.

ಸಂಬಳ, ಪಿಂಚಣಿ, ಮಕ್ಕಳ ಫೀಸಿನ ಹಣ ಸಾಲ ಕೊಟ್ಟ ಬ್ಯಾಂಕಿನಲ್ಲಿ ಇರುವುದು ಬೇಡ, ಸಾಲ ಪಡೆಯುವ ದಿನದಿಂದಲೇ ಬೇರೆಡೆ ಇರಲಿ. ತಾಯಿಯನ್ನು ಯಾರದೋ ಸಾಲಕ್ಕೆ ಜಾಮೀನು ನಿಲ್ಲಿಸಿದ್ದರೆ, ದುಬೈಯಿಂದ ಮಗ ಕಳಿಸುವ ಹಣ ಅವರ ಒಂಟಿ ಖಾತೆಗೆ, ಅದೂ ಅದೇ ಬ್ಯಾಂಕಿಗೆ ಬರುವುದು ಬೇಡವೇ ಬೇಡ.

ದಕ್ಕೆಯಲ್ಲಿ ದುಡಿಯುವವರಿಗೆ ಒಂದು ಮಾತು. ಮೀನುಗಾರಿಕೆ ನಿಷೇಧ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ ಬೋಟು ಕಟ್ಟಿ ನಿಂತಿರುತ್ತದೆ ಎಂಬುದು ನಿಮಗೂ ಗೊತ್ತು, ಬ್ಯಾಂಕಿಗೂ ಗೊತ್ತು. ಆ ಎರಡು ತಿಂಗಳ ಕಂತನ್ನು ಮುಂದೂಡಿ ಅಥವಾ ಹಂಚಿ ಕೊಡಿ ಎಂಬ ಅರ್ಜಿಯನ್ನು ಆಗಸ್ಟಿನಲ್ಲಿ ಕೊಟ್ಟರೆ ಅದು ಸುಸ್ತಿದಾರನ ಅರ್ಜಿ, ಮೇ ಮೊದಲ ವಾರದಲ್ಲಿ ಕೊಟ್ಟರೆ ಒಳ್ಳೆಯ ಗಿರಾಕಿಯದ್ದು. ಎರಡು ಪ್ರತಿ ಮಾಡಿ ಒಯ್ಯಿರಿ, ಒಂದರ ಮೇಲೆ ಸೀಲು ಹಾಕಿಸಿಕೊಂಡು ಬನ್ನಿ.